ಬಾರದವರಿಗೆ ಹಾಳೆ

ಆ ಚರ್ಚಿನಲ್ಲಿ ಒಂದು ಪದ್ಧತಿ ಬಹಳ ಕಟ್ಟುನಿಟ್ಟಾಗಿತ್ತು. ಭಾನುವಾರ ಬಂದು ಪ್ರಸಂಗ ಕೇಳಿದವರಿಗೆ ಹಾಳೆ ಇಲ್ಲ. ಹಾಳೆ ಏನಿದ್ದರೂ ಬಾರದವರಿಗೆ. ಹಾಸಿಗೆ ಹಿಡಿದವರು, ಮೊಣಕಾಲು ಕೈಕೊಟ್ಟವರು, ಬಾಣಂತಿಯರು, ಇಂಥವರಿಗೆ ದೇವರ ಮಾತು ತಪ್ಪಿಹೋಗಬಾರದೆಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು ಅದು. ಅಯ್ಯನವರು ತಮ್ಮ ಪ್ರಸಂಗವನ್ನು ಕೈಯಲ್ಲಿ ಬರೆದು ಗುರುವಾರ ಸಂಜೆ ಪ್ರೆಸ್ಸಣ್ಣನಿಗೆ ಕೊಡಬೇಕು. ಪ್ರೆಸ್ಸಣ್ಣ ಅದನ್ನು ಶನಿವಾರದೊಳಗೆ ಅಚ್ಚು ಹಾಕಿ, ಭಾನುವಾರ ಮಧ್ಯಾಹ್ನ ಸೈಕಲ್ ಹತ್ತಿ, ಬಾರದವರ ಮನೆಮನೆಗೆ ಹಂಚಿ ಬರಬೇಕು.

ಅಯ್ಯನವರು ಈ ಸಭೆಗೆ ಪಾದ್ರಿಯಾಗಿ ಬಂದಾಗ ಬೆಂಚುಗಳಲ್ಲಿ ಇನ್ನೂರು ಜನ, ಹಾಳೆ ಹದಿನೆಂಟು. ಒಂಬತ್ತು ವರ್ಷ ಕಳೆದು ಈಗ ಬೆಂಚುಗಳಲ್ಲಿ ಇಪ್ಪತ್ಮೂರು ಜನ, ಹಾಳೆ ನೂರತೊಂಬತ್ತು. ಒಂದೇ ಊರಿನಲ್ಲಿ ಇಷ್ಟೊಂದು ಮೊಣಕಾಲುಗಳು ಕೈಕೊಡುವುದುಂಟೇ ಎಂದು ಯಾರೂ ಕೇಳಲಿಲ್ಲ. ಅಯ್ಯನವರು ಮಾತ್ರ, ಬೆಂಚು ಖಾಲಿಯಾದರೇನು, ಮಾತು ಮನೆ ಸೇರುತ್ತಿದೆಯಲ್ಲ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಿದ್ದರು. ಮನುಷ್ಯನಿಗೆ ಸಮಾಧಾನ ಬೇಕೆಂದಾಗ ಅದು ಎಲ್ಲಿಂದಾದರೂ ಸಿಕ್ಕಿಯೇ ಸಿಗುತ್ತದೆ.

ಪ್ರೆಸ್ಸಣ್ಣ ಸಭೆಯ ಹಿರಿಯರಲ್ಲಿ ಒಬ್ಬ, ಮೂರನೇ ಬೆಂಚಿನ ತುದಿ ಅವನ ಖಾಯಂ ಜಾಗ. ಚರ್ಚಿನ ಹಿಂದಿನ ಓಣಿಯಲ್ಲಿ ಅವನದೊಂದು ಹಳೇ ಕಾಲದ ಮುದ್ರಣಾಲಯ. ಇವತ್ತಿಗೂ ಸೀಸದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ ಜೋಡಿಸಿ ಅಚ್ಚು ಹಾಕುತ್ತಿದ್ದ. ಮದುವೆ ಕಾಗದ, ರಸೀದಿ ಪುಸ್ತಕ, ಹಾಸಿಗೆ ಕಾರ್ಖಾನೆಯ ಲೇಬಲ್ಲು, ಎಲ್ಲ ಅವನ ಕೈಯಿಂದಲೇ. ಮೊದಲ ವರ್ಷ ಒಂದೆರಡು ಸಲ, "ಕರಡು ನೋಡ್ತೀರಾ ಅಯ್ಯನವರೇ?" ಎಂದು ಕೇಳಿದ್ದ. "ನಿನ್ನ ಕಣ್ಣು ಬೇರೆ, ನನ್ನ ಕಣ್ಣು ಬೇರೆ ಏನಯ್ಯಾ?" ಎಂದುಬಿಟ್ಟಿದ್ದರು ಅಯ್ಯನವರು. ಆಮೇಲೆ ಅವನು ಕೇಳಲಿಲ್ಲ. ಇಂಥ ದೊಡ್ಡ ಮಾತು ಆಡುವುದು ಬಹಳ ಸುಲಭ. ಕರಡು ಓದಲು ವಾರಕ್ಕೆ ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷವನ್ನು ಅವರು ಒಂಬತ್ತು ವರ್ಷ ಉಳಿಸಿದರು. ಬರೆದದ್ದರ ನಕಲನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕಾಗದ ನೋಡಿಕೊಂಡು ಪ್ರಸಂಗ ಮಾಡುವವರನ್ನು ಕಂಡರೆ ಅವರಿಗೆ ಆಗದು. ಎಲ್ಲ ಬಾಯಿಪಾಠ.

ಎಂಟು ತಿಂಗಳ ಹಿಂದೆ ಹಾಸಿಗೆ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. ಅದರ ಯಜಮಾನನನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಊರಿನ ಅರ್ಧ ಜನ ಮಲಗುತ್ತಿದ್ದದ್ದು ಅವರ ಹಾಸಿಗೆಯ ಮೇಲೆ, ಚರ್ಚಿನ ಅರ್ಧ ಮನೆಗಳು ಉಣ್ಣುತ್ತಿದ್ದದ್ದು ಅವರ ಕಾರ್ಖಾನೆಯ ಕೂಲಿಯಿಂದ. ಹತ್ತಿ ಹೊತ್ತಿಕೊಂಡರೆ ಕೇಳಬೇಕೇ. ಮುಂದಿನ ಕೋಣೆಯವರೆಲ್ಲ ಹೊರಗೆ ಓಡಿ ಬಂದರು. ಹಿಂದಿನ ಕೋಣೆಯಲ್ಲಿ ದಿಂಬಿಗೆ ಹೊಲಿಗೆ ಹಾಕುತ್ತಿದ್ದ ಒಬ್ಬಳೇ ಹುಡುಗಿ ಉಳಿದಳು. ಅವಳು ಕೂತಿದ್ದ ಜಾಗದಿಂದ ಹಿಂದಿನ ಬಾಗಿಲು ಹತ್ತೇ ಹೆಜ್ಜೆ. ದೇಹ ಸಿಕ್ಕಿದ್ದು ಮಾತ್ರ ಆಚೆ ಬದಿಯ ಉಗ್ರಾಣದ ಮೂಲೆಯಲ್ಲಿ. ವಿಚಾರಣೆ ನಡೆಯಿತು. ಬಾಗಿಲು ತೆರೆದೇ ಇತ್ತು, ಹುಡುಗಿ ಗಾಬರಿಯಲ್ಲಿ ದಿಕ್ಕು ತಪ್ಪಿ ಉಗ್ರಾಣದ ಕಡೆ ಓಡಿದಳು ಎಂದು ಹನ್ನೊಂದು ಜನ ಸಹಿ ಹಾಕಿದರು. ಹನ್ನೊಂದೂ ಜನ ಚರ್ಚಿನವರೇ. ಅಯ್ಯನವರು ಸಮಾಧಿಯ ಮುಂದೆ ನಿಂತು, ದೇವರು ತನ್ನ ಮಗಳನ್ನು ತನ್ನ ಬಳಿಗೆ ಕರೆದುಕೊಂಡ ಎಂದು ಮೆತ್ತಗೆ ಮಾತಾಡಿ ಮುಗಿಸಿದರು.

ಆಗ ಬೆಂಚುಗಳಲ್ಲಿ ತೊಂಬತ್ತು ಜನ ಇದ್ದರು. ಅಲ್ಲಿಂದ ಮುಂದೆ ವಾರವಾರವೂ ಕಡಿಮೆಯಾಗುತ್ತ ಬಂದರು. ಅಯ್ಯನವರು ಚಳಿಯನ್ನು ದೂರಿದರು, ಟೀವಿಯನ್ನು ದೂರಿದರು, ಕಾಲವನ್ನು ದೂರಿದರು. ನಿಜವಾದ ಕಾರಣ ತಿಳಿದದ್ದು ನಾಲ್ಕು ತಿಂಗಳ ಹಿಂದೆ, ಪ್ರೆಸ್ಸಣ್ಣ ಆರಾಧನೆ ಮುಗಿದ ಮೇಲೆ ಅವರ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಕುರ್ಚಿಯಲ್ಲಿ ಕುಸಿದು ಕೂತು ಅಳಲು ಶುರುಮಾಡಿದಾಗ.

"ಅವತ್ತು ಬೆಳಗ್ಗೆ ನಾನು ಲೇಬಲ್ ಕೊಡೋಕೆ ಹೋಗಿದ್ದೆ ಅಯ್ಯನವರೇ. ಯಾವಾಗಲೂ ಹಿಂದಿನ ಬಾಗಿಲಲ್ಲೇ ಹೋಗೋದು. ಹೊರಗಡೆಯಿಂದ ಬೀಗ ಹಾಕಿತ್ತು. ಕೆಲಸದ ಹೊತ್ತಲ್ಲಿ ಹೆಂಗಸರು ಹೊರಗೆ ಹೋಗಿ ಮಾತಾಡ್ತಾ ನಿಲ್ತಾರೆ ಅಂತ ಸಾಹುಕಾರರೇ ಹಾಕಿಸಿದ್ದು. ನಾನು ಸುತ್ತು ಹಾಕಿ ಮುಂದಿನಿಂದ ಹೋದೆ. ಒಂದು ಗಂಟೆ ಆದಮೇಲೆ ಬೆಂಕಿ. ವಿಚಾರಣೆಯಲ್ಲಿ ತೆರೆದಿತ್ತು ಅಂತ ಸಹಿ ಹಾಕಿಬಿಟ್ಟೆ."

"ಉಳಿದ ಹತ್ತು ಜನ?"

"ಅವರಿಗೂ ಗೊತ್ತು. ಎಲ್ಲರಿಗೂ ಗೊತ್ತು. ಗೊತ್ತಿದ್ದವರು ಒಬ್ಬರ ಪಕ್ಕ ಒಬ್ಬರು ಕೂತು ಹಾಡು ಹೇಳೋದು ಹೇಗೆ, ಹೇಳಿ. ಅದಕ್ಕೇ ಬರ್ತಾ ಇಲ್ಲ." ಅವನು ಅಯ್ಯನವರ ಎರಡೂ ಕೈ ಹಿಡಿದುಕೊಂಡ. "ನೀವು ಪೀಠದಿಂದ ಹೇಳಿಬಿಡಿ. ನೀವು ಹೇಳಿದ ತಕ್ಷಣ ನಾನು ಎದ್ದು ನಿಂತು ಹೌದು ಅಂತೀನಿ. ಆಮೇಲೆ ಏನಾದ್ರೂ ಆಗಲಿ."

ಅಯ್ಯನವರಿಗೆ ಎದೆ ತುಂಬಿ ಬಂತು. ಈ ಪುಣ್ಯಾತ್ಮ ಬೆನ್ನಿಗಿದ್ದಾನೆ, ಇನ್ನೇನು ಬೇಕು ಎಂದುಕೊಂಡರು. ಹಾಗೆಂದುಕೊಂಡೇ ನಾಲ್ಕು ತಿಂಗಳು ಕಳೆದರು. ಒಂದು ವಾರ ಮಾತು ಸರಿಯಾಗಿ ಕೂಡಿಬರಲಿಲ್ಲ, ಒಂದು ವಾರ ಸಾಹುಕಾರರ ಮನೆಯಲ್ಲಿ ಯಾರೋ ಹುಷಾರಿಲ್ಲದೆ ಮಲಗಿದ್ದರು, ಇನ್ನೊಂದು ವಾರ ತಮಗೇ ಗಂಟಲು ನೋವು. ಸತ್ಯ ಹೇಳುವುದಕ್ಕೆ ಒಳ್ಳೆಯ ಭಾನುವಾರ ಹುಡುಕುತ್ತ ಹೋದರೆ ಅದು ಸಿಗುವುದೇ ಇಲ್ಲ. ಕೊನೆಗೆ ಹೋದ ಗುರುವಾರ ಹಲ್ಲು ಕಚ್ಚಿ ಬರೆದು ಮುಗಿಸಿದರು. ಪ್ರೆಸ್ಸಣ್ಣನ ಕೈಯಲ್ಲಿಡುವಾಗ, "ಓದಿ ನೋಡು, ನಿನ್ನ ಭಾರ ಇಳಿಯುತ್ತೆ," ಎಂದರು. ಅವನು ಅಲ್ಲೇ ನಿಂತು ಓದಿದ. ಓದಿ, ಕಾಗದವನ್ನು ಮಡಚಿ, ಜೇಬಿಗಿಟ್ಟುಕೊಂಡ.

ಭಾನುವಾರ ಅಯ್ಯನವರು ಪೀಠ ಹತ್ತಿ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು. "ಆ ಹುಡುಗಿ ದಿಕ್ಕು ತಪ್ಪಲಿಲ್ಲ. ಸರಿಯಾದ ಬಾಗಿಲಿಗೇ ಓಡಿದಳು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಹಾಕಿಸಿದವರು ನಮ್ಮವರು. ತೆರೆದಿತ್ತು ಎಂದು ಸಹಿ ಹಾಕಿದವರೂ ನಮ್ಮವರು. ದೇವರು ಕರೆದುಕೊಂಡ ಎಂದು ಸುಳ್ಳು ಸಮಾಧಾನ ಹೇಳಿದವನು ನಾನು. ನಮ್ಮ ಬೆಂಚುಗಳು ಖಾಲಿಯಾದದ್ದು ಅವತ್ತಿನಿಂದ." ಅಷ್ಟು ಹೇಳಿ ಮೂರನೇ ಬೆಂಚಿನ ಕಡೆ ನೋಡಿದರು.

ಪ್ರೆಸ್ಸಣ್ಣ ತಲೆ ಬಗ್ಗಿಸಿ ಹಾಡಿನ ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದ. ಅಯ್ಯನವರು ಕಾದರು. ಯಾರೋ ಕೆಮ್ಮಿದರು. ಪ್ರೆಸ್ಸಣ್ಣ ಪುಟ ಮಗುಚಿದ, ಇನ್ನೊಂದು ಪುಟ ಮಗುಚಿದ. ಹಾಡು ಶುರುವಾಯಿತು, ಇಪ್ಪತ್ಮೂರು ಜನ ಎದ್ದು ನಿಂತರು, ಅವರ ಜೊತೆ ಅವನೂ ಎದ್ದು ನಿಂತ. ಎದ್ದು ನಿಲ್ಲುತ್ತೇನೆ ಎಂದಿದ್ದ ಮಾತನ್ನು ಅವನು ಉಳಿಸಿಕೊಂಡದ್ದು ಅಷ್ಟು ಮಟ್ಟಿಗೆ.

ಮನೆಗೆ ಬಂದಾಗ ಅವರ ಹೆಂಡತಿ, "ಕೊನೆಗೂ ಬಾಯಿ ಬಿಟ್ರಲ್ಲ ರೀ," ಎಂದಳು. ಅದು ಮೆಚ್ಚುಗೆಯೋ ಚುಚ್ಚು ಮಾತೋ ಅವರಿಗೆ ತಿಳಿಯಲಿಲ್ಲ. ಪ್ರೆಸ್ಸಣ್ಣನ ಮೇಲೆ ಸಿಟ್ಟು ಬಂದಿತ್ತು, ಆದರೆ ಊಟ ಮುಗಿಯುವಷ್ಟರಲ್ಲಿ ಅದೂ ಇಳಿಯಿತು. ಹೆದರಿದ, ಪಾಪ. ಹಾಗೆ ನೋಡಿದರೆ ಈಗ ಅವನು ಎದ್ದು ನಿಲ್ಲುವ ಅಗತ್ಯವೇ ಇಲ್ಲ. ಇದೇ ಹೊತ್ತಿಗೆ ಸೈಕಲ್ ಮೇಲೆ ನೂರತೊಂಬತ್ತು ಹಾಳೆ ಊರೆಲ್ಲ ಸುತ್ತುತ್ತಿರಬೇಕು. ಸಂಜೆಯೊಳಗೆ ಕಿಟಕಿಗೆ ಕಲ್ಲು ಬೀಳುತ್ತದೆ, ಇಲ್ಲವೇ ಬಾಗಿಲಿಗೆ ಜನ ಬರುತ್ತಾರೆ. ಎರಡಕ್ಕೂ ಅವರು ಸಿದ್ಧರಾಗಿ, ತೊಳೆದ ಅಂಗಿ ಹಾಕಿಕೊಂಡು ಕೂತರು.

ಕಲ್ಲೂ ಬೀಳಲಿಲ್ಲ, ಜನವೂ ಬರಲಿಲ್ಲ. ಸೋಮವಾರ ಹಾಲಿನವನು ಎಂದಿನಂತೆ ಹಾಲು ಹಾಕಿ ಹೋದ. ಮಂಗಳವಾರ ಔಷಧಿ ಅಂಗಡಿಯ ಮುಂದೆ ಸಾಹುಕಾರರೇ ಎದುರಾದರು. ಸಾಹುಕಾರರು ಎರಡು ಕೈಯಿಂದ ಅಯ್ಯನವರ ಕೈ ಹಿಡಿದು, "ಈ ವಾರದ ಪ್ರಸಂಗ ಓದಿದೆ ಅಯ್ಯನವರೇ. ಮನಸ್ಸಿಗೆ ಬಹಳ ಸಮಾಧಾನ ಆಯ್ತು. ಹೀಗೇ ಬರೀತಾ ಇರಿ," ಎಂದರು. ಕಣ್ಣಲ್ಲಿ ಎಳ್ಳಷ್ಟೂ ಸಿಟ್ಟಿಲ್ಲ. ಮನುಷ್ಯ ಪಶ್ಚಾತ್ತಾಪಪಟ್ಟಿದ್ದಾನೆ ಎಂದು ಅಯ್ಯನವರಿಗೆ ಅನ್ನಿಸಿತು. ಧೈರ್ಯವಾಗಿ ಆಡಿದ ಮಾತಿಗೆ ಎಂಥ ಶಕ್ತಿ ಎಂದು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ತಾವೇ ಬೀಗಿದರು. ಒಂಬತ್ತು ವರ್ಷ ಇದೊಂದನ್ನು ಮಾಡದೆ ಏನು ಮಾಡಿದೆ ನಾನು ಎಂದೂ ಕೇಳಿಕೊಂಡರು.

ಬುಧವಾರ ಮಧ್ಯಾಹ್ನ ಅವರು ಗುಂಡಿಯಮ್ಮನ ಮನೆಗೆ ಹೋಗುವ ದಿನ. ಬೆಂಕಿಯಲ್ಲಿ ಹೋದ ಹುಡುಗಿಯ ತಾಯಿ ಅವಳು. ದರ್ಜಿಯವರು ಕಳಿಸುವ ಅಂಗಿಗಳಿಗೆ ಗುಂಡಿ ಹಾಕುವುದು ಕೆಲಸ, ಅದರಿಂದಲೇ ಆ ಹೆಸರು. ಸಾವಾದ ಮೇಲೆ ಅವಳು ಚರ್ಚಿಗೆ ಕಾಲಿಟ್ಟಿರಲಿಲ್ಲ. ಅಯ್ಯನವರೇ ವಾರಕ್ಕೊಮ್ಮೆ ಹೋಗಿ, ಚಹಾ ಕುಡಿದು, ಪ್ರಾರ್ಥನೆ ಮಾಡಿ ಬರುತ್ತಿದ್ದರು.

ಅವಳು ಎಂದಿನ ಹಾಗೆ ಕಿಟಕಿಯ ಬೆಳಕಿಗೆ ಅಂಗಿ ಹಿಡಿದು ಕೂತಿದ್ದಳು. ಚಹಾ ಕೊಟ್ಟಳು. ಎಂದಿನ ಹಾಗೆ ಸೂಜಿ ಆಡಿಸುತ್ತಲೇ ಮಗಳನ್ನು ಬೈಯಲು ಶುರುಮಾಡಿದಳು. "ಆರು ವರ್ಷ ಅದೇ ಬಾಗಿಲಲ್ಲಿ ಓಡಾಡಿದವಳು. ಹತ್ತು ಹೆಜ್ಜೆ ಅಯ್ಯನವರೇ, ಹತ್ತೇ ಹೆಜ್ಜೆ. ಕಣ್ಣೆದುರಿಗಿರೋ ಬಾಗಿಲು ಬಿಟ್ಟು ಉಗ್ರಾಣಕ್ಕೆ ಹೋಗಿ ಕೂತಳಲ್ಲ, ದಡ್ಡ ಮುಂಡೇದು. ಸಣ್ಣವಳಿದ್ದಾಗ್ಲೂ ಹಂಗೇ, ಗಾಬರಿ ಆದ್ರೆ ಕೈಕಾಲು ಆಡ್ತಿರಲಿಲ್ಲ. ನಾನೇ ಹೆದರಿಸಿ ಬೆಳೆಸಿಬಿಟ್ನೇನೋ."

ಅಯ್ಯನವರು ಲೋಟ ಕೆಳಗಿಟ್ಟರು. "ಅಮ್ಮ, ಈ ವಾರದ ಹಾಳೆ ಓದಲಿಲ್ವಾ?"

"ಓದಿದೆ."

"ಓದಿಯೂ ಹೀಗಂತೀರಾ?"

"ಇನ್ನೇನು ಅನ್ನಲಿ? ಬಾಗಿಲು ಅಂತ ಕಾಣಿಸ್ತು, ಏನೋ ಹೇಳ್ತಿದ್ದೀರಿ ಅಂತ ಎರಡು ಸಲ ಓದಿದೆ. ನನ್ನ ಮಗಳ ವಿಷಯ ಏನೂ ಇರಲಿಲ್ಲ."

ಅವಳು ಗೂಡಿನಿಂದ ಹಾಳೆ ತೆಗೆದು ಕೊಟ್ಟಳು. ಮೇಲೆ ಚರ್ಚಿನ ಚಿತ್ರ, ಕೆಳಗೆ ಅಯ್ಯನವರ ಹೆಸರು, ನಡುವೆ ಅಂದವಾಗಿ ಜೋಡಿಸಿದ ಅಕ್ಷರಗಳು. 'ಲೋಕದಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿದಂತೆ ಕಾಣಬಹುದು. ದೇವರ ಕೃಪೆಯ ಬಾಗಿಲು ಮಾತ್ರ ಸದಾ ತೆರೆದಿದೆ. ಅಗಲಿದವರನ್ನು ನೆನೆದು ಕೊರಗದೆ, ಯಾರನ್ನೂ ದೂರದೆ, ಸಮಾಧಾನದಿಂದ ಬಾಳೋಣ.' ಹೀಗೆ ಎರಡು ಪುಟ. ಅವರ ಒಂದೇ ಒಂದು ಸಾಲು ಅದರಲ್ಲಿರಲಿಲ್ಲ. ಅವರದೇ ಧಾಟಿ, ಅವರದೇ ಪದಗಳು, ಹೆಸರೂ ಅವರದೇ.

"ಇದು ನಾನು ಬರೆದದ್ದಲ್ಲ. ನಾನು ಹೇಳಿದ್ದೆ ಅಮ್ಮ. ಚರ್ಚಿನಲ್ಲಿ, ಪೀಠದಿಂದ, ಎಲ್ಲ ಹೇಳಿದ್ದೆ."

ಗುಂಡಿಯಮ್ಮನ ಸೂಜಿ ನಿಂತಿತು. "ಏನು ಹೇಳಿದ್ರಿ?"

ಅಯ್ಯನವರು ಆಗಲೇ ಎದ್ದಿದ್ದರು. "ಈಗ ಬಂದೆ," ಎಂದವರೇ ಹಾಳೆಯನ್ನು ಕೈಯಲ್ಲಿ ಹಿಡಿದು ಬೀದಿಗೆ ಇಳಿದರು. ಅವಳ ಪ್ರಶ್ನೆ ಅವರಿಗೆ ಕೇಳಿಸದೆ ಇರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವರ ತಲೆಯಲ್ಲಿದ್ದದ್ದು ತಮಗಾದ ಮೋಸ ಒಂದೇ.

ಪ್ರೆಸ್ಸಣ್ಣ ಯಾರದೋ ಮದುವೆ ಕಾಗದಕ್ಕೆ ಅಕ್ಷರ ಜೋಡಿಸುತ್ತ ನಿಂತಿದ್ದ. ಅಯ್ಯನವರು ಹಾಳೆಯನ್ನು ಅವನ ಮುಂದೆ ಎಸೆದರು. ಅವನು ಅದನ್ನು ನೋಡಲೇ ಇಲ್ಲ. ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು, "ಕೂತ್ಕೊಳ್ಳಿ," ಎಂದ.

"ಕೂರೋಕೆ ಬಂದಿಲ್ಲ. ಇದನ್ನು ಬರೆದವರು ಯಾರು?"

"ನಾನೇ. ನಿಮ್ಮ ಶೈಲಿ ನನಗೆ ಬಾಯಿಪಾಠ ಆಗಿದೆ."

"ಇದೊಂದು ವಾರನಾ?"

ಪ್ರೆಸ್ಸಣ್ಣ ಸುಳ್ಳು ಹೇಳಬಹುದಿತ್ತು. ಯಾಕೋ ಹೇಳಲಿಲ್ಲ. "ನೀವು ಬಂದ ಮೊದಲ ವರ್ಷ ಕಳ್ಳ ತೂಕದ ಬಗ್ಗೆ ಬರೆದಿದ್ರಿ. ಅಂಗಡಿಯವರು ನೊಂದ್ಕೋತಾರೆ ಅಂತ ಎರಡು ಸಾಲು ತೆಗೆದೆ. ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ. ಆಮೇಲೆ ಅದೇ ಅಭ್ಯಾಸ ಆಯ್ತು. ಖಾರ ಇದ್ದ ಕಡೆ ಒಂದಿಷ್ಟು ನೀರು ಬೆರೆಸೋದು. ಜನ ಮೆಚ್ಚಿಕೊಂಡ್ರು. ಎಷ್ಟೋ ಮಂದಿ ನಿಮ್ಮನ್ನ ಹೊಗಳಲಿಲ್ವಾ?"

ಹೊಗಳಿದ್ದರು. ಅಯ್ಯನವರಿಗೆ ಒಂದೊಂದೂ ನೆನಪಿತ್ತು. ರಸ್ತೆಯಲ್ಲಿ ನಿಲ್ಲಿಸಿ, ಆಸ್ಪತ್ರೆಯ ಮಂಚದಿಂದ ಕೈ ಚಾಚಿ, ನಿಮ್ಮ ಮಾತು ತಂಪು ಅಯ್ಯನವರೇ ಎಂದವರೆಲ್ಲ ಈಗ ಕಣ್ಣಮುಂದೆ ಬಂದರು. ಆ ಹೊಗಳಿಕೆಯನ್ನೆಲ್ಲ ಒಂಬತ್ತು ವರ್ಷ ತಮ್ಮದೆಂದು ಎದೆಗೆ ಹಚ್ಚಿಕೊಂಡಿದ್ದರು.

"ನನ್ನ ಕಾಗದ ಕೊಡು. ನಾನು ಬೇರೆ ಕಡೆ ಅಚ್ಚು ಹಾಕಿಸ್ತೀನಿ."

"ಅದು ನನ್ನ ಹತ್ತಿರ ಇಲ್ಲ."

"ಮತ್ತೆ?"

"ಸಾಹುಕಾರರ ಹತ್ತಿರ ಇದೆ." ಅವನು ನೆಲ ನೋಡುತ್ತ ಹೇಳಿದ. "ಬೆಂಕಿ ಆದಾಗಿಂದ ಪ್ರತಿ ಶುಕ್ರವಾರ ನಿಮ್ಮ ಕಾಗದ ಅವರ ಮನೆಗೆ ಹೋಗುತ್ತೆ. ಅವರು ಬೇಡದ್ದಕ್ಕೆ ಗೀಟು ಹಾಕಿ ಕಳಿಸ್ತಾರೆ. ಈ ಸಲ ಮಾತ್ರ ವಾಪಸ್ ಕಳಿಸಲಿಲ್ಲ. ಹೊಸದಾಗಿ ಬರಿ ಅಂದ್ರು."

ಅಯ್ಯನವರು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತೇಬಿಟ್ಟರು. ಔಷಧಿ ಅಂಗಡಿಯ ಮುಂದೆ ಆ ಮನುಷ್ಯ ಎರಡು ಕೈಯಿಂದ ಕೈ ಹಿಡಿದದ್ದು, ಹೀಗೇ ಬರೀತಾ ಇರಿ ಎಂದದ್ದು. ಅವನ ಪಶ್ಚಾತ್ತಾಪಕ್ಕೆ ಇವರು ದಾರಿಯುದ್ದಕ್ಕೂ ಬೀಗಿಕೊಂಡು ಬಂದದ್ದು.

"ಚರ್ಚಿನಲ್ಲಿ ಇಪ್ಪತ್ಮೂರು ಜನ ಕೇಳಿದ್ದಾರೆ," ಎಂದರು. ಅವರ ದನಿ ಅವರಿಗೇ ಸಣ್ಣದಾಗಿ ಕೇಳಿಸಿತು.

"ಅವರು ಬಾಯಿ ಬಿಡಲ್ಲ. ಎಲ್ಲ ಸಹಿ ಹಾಕಿದ ಮನೆಗಳವರೇ. ಮಿಕ್ಕವರು ಬರೋದು ನಿಲ್ಲಿಸಿದ್ರೂ ನಾವು ಯಾಕೆ ಬರ್ತೀವಿ ಅನ್ಕೊಂಡ್ರಿ? ಬರದಿದ್ರೆ ಅನುಮಾನ ಬರುತ್ತೆ."

"ಹಾಗಾದ್ರೆ ಅವತ್ತು ನನ್ನ ಕೋಣೆಗೆ ಬಂದು ಅತ್ತದ್ದು? ಅದೂ ನಾಟಕನಾ?"

"ಇಲ್ಲ ಅಯ್ಯನವರೇ. ಅದು ನಿಜ. ನಿದ್ದೆ ಬರ್ತಿರಲಿಲ್ಲ. ಯಾರಿಗಾದ್ರೂ ಹೇಳಲೇಬೇಕಾಗಿತ್ತು." ಪ್ರೆಸ್ಸಣ್ಣ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದ. ಕಣ್ಣು ಒದ್ದೆಯಾಗಿತ್ತು, ಅದೇ ಅವರಿಗೆ ಸಹಿಸಲಾಗಲಿಲ್ಲ. "ನಿಮಗೆ ಹೇಳಿದೆ, ಯಾಕಂದ್ರೆ ನೀವು ಯಾರಿಗೂ ಹೇಳಲ್ಲ ಅಂತ ನಂಬಿಕೆ ಇತ್ತು. ಹೇಳಿ ಅಂದ್ರೂ ಹೇಳಲ್ಲ ಅಂತ. ನಾಲ್ಕು ತಿಂಗಳು ನನ್ನ ನಂಬಿಕೆ ಸುಳ್ಳಾಗಲಿಲ್ಲ."

ಹೊಡೆಯಬೇಕೆಂದು ಅವರ ಕೈ ಮೇಲೆದ್ದಿತ್ತು. ಆ ಮಾತಿಗೆ ಅದು ಹಾಗೇ ಇಳಿಯಿತು. ಬೆನ್ನಿಗಿದ್ದಾನೆ ಎಂದುಕೊಂಡವನು ಇದ್ದದ್ದು ನಿಜ, ಚೂರಿ ಹಿಡಿದು ಇದ್ದ. ಅಷ್ಟಾದರೂ ಅವನು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದರೆ ಅವರಿಗೆ ಒಂದೂ ಸಿಗಲಿಲ್ಲ. ಹೊರಗೆ ಬಂದರು. ಹಿಂದಿನಿಂದ ಅವನು, "ಈ ಗುರುವಾರದ್ದು ನಾನು ಮುಟ್ಟಲ್ಲ, ಹೇಗೆ ಕೊಡ್ತೀರೋ ಹಾಗೇ ಹಾಕ್ತೀನಿ," ಎಂದು ಕೂಗಿ ಹೇಳುತ್ತಿದ್ದ. ಅಯ್ಯನವರು ತಿರುಗಿ ನೋಡಲಿಲ್ಲ.

ಗುಂಡಿಯಮ್ಮ ಅವರು ಬಿಟ್ಟುಹೋದ ಹಾಗೇ ಕೂತಿದ್ದಳು. ತೊಡೆಯ ಮೇಲೆ ಅದೇ ಅಂಗಿ, ಒಂದು ಗುಂಡಿಯೂ ಮುಂದೆ ಹೋಗಿರಲಿಲ್ಲ. ಅಯ್ಯನವರು ಕೂತು, ಬೆವರು ಒರೆಸಿಕೊಂಡು, ಪ್ರೆಸ್ಸಣ್ಣ ಮಾಡಿದ್ದು, ಸಾಹುಕಾರರು ಮಾಡಿದ್ದು, ಒಂಬತ್ತು ವರ್ಷದಿಂದ ತಮಗಾದ ಮೋಸ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅವಳು ಕೇಳಿದಳು. ಕೇಳಿ, "ಅದಿರಲಿ. ಪೀಠದಿಂದ ಏನು ಹೇಳಿದ್ರಿ?" ಎಂದಳು.

"ಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕಿತ್ತು ಅಮ್ಮ. ನಿಮ್ಮ ಮಗಳು ಸರಿಯಾದ ಬಾಗಿಲಿಗೇ ಹೋಗಿದ್ದಳು. ಅದು ತೆಗೆಯೋಕೆ ಬರಲಿಲ್ಲ, ಅದಕ್ಕೇ ಉಗ್ರಾಣದ ಕಡೆ ಓಡಿದಳು."

ಗುಂಡಿಯಮ್ಮ ಅಳಲಿಲ್ಲ. ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ, ಅಂಗಿಯನ್ನು ಮಡಚಿ ಬದಿಗಿಟ್ಟಳು.

"ನಿಮಗೆ ಯಾವಾಗ ಗೊತ್ತಾಯ್ತು?"

ಅಯ್ಯನವರಿಗೆ ಈ ಪ್ರಶ್ನೆ ಬರುತ್ತದೆ ಎಂದು ಯಾಕೆ ಹೊಳೆದಿರಲಿಲ್ಲವೋ. "ನಾಲ್ಕು ತಿಂಗಳಾಯ್ತು," ಎಂದರು.

"ನಾಲ್ಕು ತಿಂಗಳು." ಅವಳು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದಳು. "ಅಷ್ಟೂ ಬುಧವಾರ ನೀವು ಇಲ್ಲೇ ಕೂತಿದ್ರಿ. ನಾನು ನನ್ನ ಮಗಳನ್ನ ದಡ್ಡಿ ಅಂತ ಬೈತಿದ್ದೆ. ನೀವು ಚಹಾ ಕುಡೀತಾ ಕೇಳ್ತಿದ್ರಿ."

"ಭಾನುವಾರ ಧೈರ್ಯ ಮಾಡಿ ಎಲ್ಲರ ಮುಂದೆ ಹೇಳಿದೆ ಅಮ್ಮ."

"ಯಾರ ಮುಂದೆ? ಬೀಗ ಇತ್ತು ಅಂತ ಮೊದಲೇ ಗೊತ್ತಿದ್ದವರ ಮುಂದೆ." ಅವಳ ದನಿ ಏರಲಿಲ್ಲ. "ಗೊತ್ತಿದ್ದವರಿಗೆ ಹೇಳೋಕೆ ಪೀಠ ಹತ್ತಿದ್ರಿ. ಗೊತ್ತಿಲ್ಲದವಳು ಊರಲ್ಲಿ ನಾನೊಬ್ಬಳೇ ಇದ್ದೆ, ನಿಮ್ಮ ಎದುರಿಗೇ ಕೂತಿದ್ದೆ. ನನಗೆ ಹಾಳೆ ಕಳಿಸೋಣ ಅಂತ ಇದ್ರಿ."

ಅಯ್ಯನವರು ಪ್ರಾರ್ಥನೆ ಮಾಡೋಣವೇ ಎಂದು ಕೇಳಬೇಕೆಂದುಕೊಂಡರು, ಪುಣ್ಯಕ್ಕೆ ಅದನ್ನು ಕೇಳಲಿಲ್ಲ.

"ಇನ್ನು ಬುಧವಾರ ಬರಬೇಡಿ," ಎಂದಳು ಅವಳು. "ಈಗ ಹೊರಡಿ. ಎಂಟು ತಿಂಗಳು ಸುಮ್ಮನೆ ಬೈಸಿಕೊಂಡಿದ್ದಾಳೆ ಪಾಪ. ನಾನು ಅವಳ ಹತ್ತಿರ ಒಬ್ಬಳೇ ಮಾತಾಡಬೇಕು."